ಕೆಲಸಕ್ಕೆ ಅಂತ ದಾವಣಗೆರೆಗೆ ಬರುವವರು ಮನೆ ಹಿಡಿಯುವ ಮುಂಚೆ ಪದೇ ಪದೇ ಕೇಳುವ ಪ್ರಶ್ನೆಗಳು

ವರ್ಗಾವಣೆ ಆಗಿ ನಾನು ಈ ಊರಿಗೆ ಬಂದು ಹನ್ನೆರಡು ವರ್ಷ ಆಯಿತು. ಮೊದಲ ಮೂರು ವರ್ಷದಲ್ಲಿ ಮೂರು ಮನೆ ಬದಲಾಯಿಸಿದೆ. ಆ ಓಡಾಟದಲ್ಲಿ ಊರಿನ ಗಲ್ಲಿಗಲ್ಲಿ ಪರಿಚಯ ಆಯಿತು. ಈಗ ನಮ್ಮ ಕಚೇರಿಗೆ ಯಾರೇ ಹೊಸಬರು ಬಂದರೂ, ಅವರ ತಮ್ಮನೋ ಸ್ನೇಹಿತೆಯ ಮಗಳೋ ಬಂದರೂ, ಮೊದಲ ಫೋನು ನನಗೇ ಬರುತ್ತದೆ. ಎಲ್ಲರೂ ಹೆಚ್ಚುಕಮ್ಮಿ ಅದೇ ಪ್ರಶ್ನೆ ಕೇಳುತ್ತಾರೆ. ಅವರು ಕೇಳಿದ ಮಾತಿನಲ್ಲೇ ಬರೆದು ಉತ್ತರ ಕೊಟ್ಟಿದ್ದೇನೆ.

## ಬರುವ ಮೊದಲು

ಅಕ್ಕಾ, ಒಂದನೇ ತಾರೀಕಿಗೆ ಜಾಯಿನ್ ಆಗಬೇಕು. ಫೋಟೋ ನೋಡಿದೆ, ಮನೆ ಚೆನ್ನಾಗಿದೆ. ಅಡ್ವಾನ್ಸ್ ಹಾಕಿಬಿಡಲಾ?

ಬೇಡ. ನಾನು ಮಾಡಿದ ಮೊದಲ ತಪ್ಪೇ ಇದು. ಫೋಟೋ ಅಲ್ಲ, ಒಂದು ಸಂಜೆ ಬಂದು ಹದಿನೈದು ನಿಮಿಷದಲ್ಲಿ ಮನೆ ನೋಡಿ ದುಡ್ಡು ಕೊಟ್ಟೆ. ಏಪ್ರಿಲ್ ತಿಂಗಳು, ಒಳ್ಳೆ ಗಾಳಿ, ಎದುರಿಗೆ ಖಾಲಿ ಸೈಟು, ಅದರಾಚೆ ಗದ್ದೆ. ಇದಕ್ಕಿಂತ ಇನ್ನೇನು ಬೇಕು ಅನ್ನಿಸಿತು. ಜುಲೈನಲ್ಲಿ ಮಳೆ ಹಿಡಿದಾಗ ಮನೆ ಮುಂದಿನ ರಸ್ತೆ ಎರೆಮಣ್ಣಿನ ಕೆಸರಾಯಿತು. ಸ್ಕೂಟರ್ ಮುಖ್ಯರಸ್ತೆಯಲ್ಲೇ ಯಾರದೋ ಅಂಗಡಿ ಮುಂದೆ ನಿಲ್ಲಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ನಡೆದು ಬರುತ್ತಿದ್ದೆ. ನೀರು ಬರುತ್ತಿದ್ದದ್ದು ರಾತ್ರಿ ಎರಡು ಗಂಟೆಗೆ. ಮನೆ ಮಾಲೀಕರು ಒಳ್ಳೆಯವರೇ, ಸುಳ್ಳೇನೂ ಹೇಳಿರಲಿಲ್ಲ. ನಾನೇ ಕೇಳಿರಲಿಲ್ಲ.

ಹಾಗಾಗಿ ಮೊದಲು ಹದಿನೈದು ದಿನ ಪಿ.ಜಿ.ಯಲ್ಲೋ ಲಾಡ್ಜ್‌ನಲ್ಲೋ ನೆಂಟರ ಮನೆಯಲ್ಲೋ ಇರಿ. ಕೆಲಸಕ್ಕೆ ಹೋಗಿ ಬಂದು ಮಾಡಿ. ಯಾವ ದಾರಿಯಲ್ಲಿ ನಿಮ್ಮ ದಿನ ಕಳೆಯುತ್ತದೆ ಅಂತ ಕಾಲಿಗೆ ಗೊತ್ತಾಗಲಿ. ಆಮೇಲೆ ಮನೆ ಹುಡುಕಿ.

ಮ್ಯಾಪ್ ನೋಡಿದರೆ ಏನೂ ತಿಳೀತಿಲ್ಲ. ಊರು ಹೇಗಿದೆ ಅಂತ ಒಂದು ಸಲ ಹೇಳಿಬಿಡಿ.

ಊರಿನ ನಡುವೆ ರೈಲು ಹಳಿ ಹಾದುಹೋಗುತ್ತದೆ. ಅದನ್ನು ಮೊದಲು ತಲೆಯಲ್ಲಿ ಇಟ್ಟುಕೊಳ್ಳಿ. ಹಳಿಯ ಒಂದು ಕಡೆ ಹಳೇ ದಾವಣಗೆರೆ: ಮಂಡಿಪೇಟೆ, ಚೌಕಿಪೇಟೆ, ಕಾಳಿಕಾದೇವಿ ರಸ್ತೆ, ದುಗ್ಗಮ್ಮನ ಗುಡಿ. ಇನ್ನೊಂದು ಕಡೆ ಪಿ.ಜೆ. ಬಡಾವಣೆ, ಎಂ.ಸಿ.ಸಿ. ಎ ಮತ್ತು ಬಿ ಬ್ಲಾಕ್, ವಿದ್ಯಾನಗರ, ನಿಟುವಳ್ಳಿ, ಶಾಮನೂರು ಹೀಗೆ ಬೆಳೆಯುತ್ತಾ ಹೋದ ಹೊಸ ಊರು. ಪಿ.ಬಿ. ರಸ್ತೆ, ಅಂದರೆ ಹಳೇ ಪುಣೆ–ಬೆಂಗಳೂರು ರಸ್ತೆ, ಊರೊಳಗೆ ಉದ್ದಕ್ಕೆ ಹೋಗುತ್ತದೆ. ಈಗಿನ ಹೆದ್ದಾರಿ 48 ಬೈಪಾಸ್ ಆಗಿ ಊರಿನ ಹೊರಗೆ ಹೋಗುತ್ತದೆ.

ಮನೆ ಹಳಿಯ ಒಂದು ಕಡೆ, ಕೆಲಸ ಇನ್ನೊಂದು ಕಡೆ ಆದರೆ ದಿನಾ ಎರಡು ಸಲ ಹಳಿ ದಾಟಬೇಕು. ಅಶೋಕ ಟಾಕೀಸ್ ಹತ್ತಿರ ರೈಲ್ವೆ ಗೇಟಿನಲ್ಲಿ ಕಾದು ಬೇಸತ್ತ ಕಥೆ ಈ ಊರಿನ ಪ್ರತಿ ಮನೆಯಲ್ಲೂ ಇದೆ. ಅಂಡರ್‌ಪಾಸ್ ಇರುವ ಕಡೆ ಜೋರು ಮಳೆ ಬಂದರೆ ನೀರು ನಿಲ್ಲುತ್ತದೆ. ದೂರ ಮೂರೇ ಕಿಲೋಮೀಟರ್ ಅಂತ ಮ್ಯಾಪ್ ಹೇಳಿದರೂ ಹಳಿ ಮಧ್ಯೆ ಇದೆಯಾ ನೋಡಿಕೊಳ್ಳಿ.

ಸುಮ್ನೆ ಒಂದೇ ಮಾತಲ್ಲಿ ಹೇಳಿ, ಯಾವ ಏರಿಯಾ ಬೆಸ್ಟ್?

ನೀವು ಎಲ್ಲಿ ಕೆಲಸ ಮಾಡುತ್ತೀರಿ ಅಂತ ಹೇಳಿದರೆ ಹೇಳುತ್ತೇನೆ. ಬಡಾವಣೆಯ ಹೆಸರು ನೋಡಿ ಮನೆ ಹಿಡಿದವರು ವರ್ಷದೊಳಗೆ ಖಾಲಿ ಮಾಡಿದ್ದನ್ನು ತುಂಬಾ ನೋಡಿದ್ದೇನೆ. ದಿನದ ದಾರಿ ಮತ್ತು ನೀರು, ಇವೆರಡು ಸರಿ ಇದ್ದರೆ ಯಾವ ಬಡಾವಣೆಯೂ ಒಗ್ಗುತ್ತದೆ.

ಬಾಪೂಜಿ ಆಸ್ಪತ್ರೆ, ಜೆ.ಜೆ.ಎಂ. ಮೆಡಿಕಲ್ ಕಾಲೇಜು ಅಂದರೆ ಎಂ.ಸಿ.ಸಿ. ಬಿ ಬ್ಲಾಕ್ ಸುತ್ತಮುತ್ತ. ನೈಟ್ ಡ್ಯೂಟಿ ಇರುವವರಿಗೆ ನಡೆದು ಹೋಗುವಷ್ಟು ಹತ್ತಿರ ಮನೆ ಇದ್ದರೆ ಅದೇ ದೊಡ್ಡ ನೆಮ್ಮದಿ. ಆದರೆ ಅಲ್ಲಿ ಬಾಡಿಗೆ ಜಾಸ್ತಿ. ಬಿ.ಐ.ಇ.ಟಿ. ಇಂಜಿನಿಯರಿಂಗ್ ಕಾಲೇಜಾದರೆ ಶಾಮನೂರು ರಸ್ತೆಯ ಅಕ್ಕಪಕ್ಕ, ಅಥವಾ ಎಸ್.ಎಸ್. ಬಡಾವಣೆ, ಆಂಜನೇಯ ಬಡಾವಣೆ. ಜಿಲ್ಲಾಧಿಕಾರಿ ಕಚೇರಿ ಕರೂರು ಕಡೆ ಇದೆ. ಅಲ್ಲಿಗೆ ಹೋಗುವವರು ಪಿ.ಬಿ. ರಸ್ತೆಗೆ ಸುಲಭವಾಗಿ ಸೇರುವ ಮನೆ ನೋಡಲಿ. ವಿಶ್ವವಿದ್ಯಾಲಯ ಇರುವುದು ತೋಳಹುಣಸೆಯಲ್ಲಿ, ಊರಾಚೆ. ಅಲ್ಲಿ ಕೆಲಸ ಸಿಕ್ಕವರು ಅಲ್ಲಿಗೆ ಹೋಗುವ ಬಸ್ಸು ಎಲ್ಲೆಲ್ಲಿ ನಿಲ್ಲುತ್ತದೆ ಅಂತ ತಿಳಿದು, ಆ ಸ್ಟಾಪಿನ ಹತ್ತಿರ ಹುಡುಕಬೇಕು. ಮಾರ್ಕೆಟಿನ ಬ್ಯಾಂಕು, ಮಂಡಿ, ಎ.ಪಿ.ಎಂ.ಸಿ. ಕಡೆ ಕೆಲಸ ಇದ್ದರೆ ಹಳೇ ಊರನ್ನು ಬಿಟ್ಟುಬಿಡಬೇಡಿ.

ಬಾಡಿಗೆ, ಅಡ್ವಾನ್ಸ್ ಎಷ್ಟು ಬೀಳುತ್ತೆ?

ನಾನು ಒಂದು ಅಂಕಿ ಹೇಳಿದರೆ ಆರು ತಿಂಗಳಲ್ಲಿ ಸುಳ್ಳಾಗುತ್ತದೆ. ಬೆಂಗಳೂರಿಂದ ಬಂದವರಿಗೆ ಕಡಿಮೆ ಅನ್ನಿಸುತ್ತದೆ, ಸುತ್ತಲಿನ ತಾಲ್ಲೂಕಿನಿಂದ ಬಂದವರಿಗೆ ದುಬಾರಿ ಅನ್ನಿಸುತ್ತದೆ. ಒಂದೇ ಬೀದಿಯಲ್ಲಿ ಮೂರು 'ಬಾಡಿಗೆಗೆ ಇದೆ' ಬೋರ್ಡಿಗೆ ಫೋನು ಮಾಡಿ, ಆ ಬೀದಿಯ ದರ ತಿಳಿಯುತ್ತದೆ. ಬಾಡಿಗೆ ಜೊತೆಗೆ ನೀರಿನ ದುಡ್ಡು, ಮೋಟರ್ ಕರೆಂಟು ಸೇರಿದೆಯಾ ಅಂತ ಅದೇ ಫೋನಲ್ಲಿ ಕೇಳಿ. ಬ್ರೋಕರ್ ಮೂಲಕ ಹೋದರೆ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ ಕೇಳುತ್ತಾರೆ. ಬೀದಿ ತಿರುಗಿ ಹುಡುಕಿದರೆ, ಕಿರಾಣಿ ಅಂಗಡಿಯವರನ್ನು, ಇಸ್ತ್ರಿ ಅಂಗಡಿಯವರನ್ನು ಕೇಳಿದರೆ ಬ್ರೋಕರ್ ಬೇಕಾಗುವುದೇ ಇಲ್ಲ.

## ಮನೆ ನೋಡುವಾಗ

ನೀರು ಹೇಗೆ ಮೇಡಂ? ದಾವಣಗೆರೇಲಿ ನೀರಿನ ತೊಂದರೆ ಅಂತಾರಲ್ಲ?

ಊರಿಗೆ ನೀರು ಎರಡು ಕಡೆಯಿಂದ ಬರುತ್ತದೆ. ಒಂದು, ರಾಜನಹಳ್ಳಿ ಹತ್ತಿರ ತುಂಗಭದ್ರಾ ನದಿಯಿಂದ ಎತ್ತುವ ನೀರು. ಇನ್ನೊಂದು, ಭದ್ರಾ ನಾಲೆಯಿಂದ ಕುಂದುವಾಡ ಕೆರೆಗೆ, ಟಿ.ವಿ. ಸ್ಟೇಷನ್ ಕೆರೆಗೆ ತುಂಬಿಸಿ ಕೊಡುವ ನೀರು. ಬೇಸಿಗೆಯಲ್ಲಿ ನದಿ ಸೊರಗಿ, ನಾಲೆಯೂ ನಿಂತರೆ ಸರದಿಯ ದಿನಗಳು ಉದ್ದ ಆಗುತ್ತವೆ. ಎಲ್ಲ ಬಡಾವಣೆಗೂ ಒಂದೇ ಲೆಕ್ಕ ಅಲ್ಲ. ಪಕ್ಕದ ಎರಡು ಕ್ರಾಸಿಗೇ ಬೇರೆ ಬೇರೆ ದಿನ ನೀರು ಬಿಡುವುದಿದೆ. ದಿನದ 24 ಗಂಟೆ ನೀರು ಕೊಡುವ ಜಲಸಿರಿ ಯೋಜನೆಯ ಕೊಳಾಯಿ ಮತ್ತು ಮೀಟರ್ ನೀವು ನೋಡುವ ಮನೆಗೆ ಬಂದಿದೆಯಾ, ಬಂದಿದ್ದರೆ ಅದರಲ್ಲಿ ನೀರು ಹರಿಯುತ್ತಿದೆಯಾ ಅಂತ ಕೇಳಿ. ಮೀಟರ್ ಇದೆ ಅಂದ ಮಾತ್ರಕ್ಕೆ ನೀರಿದೆ ಅಂತ ಅಲ್ಲ.

"ನೀರಿಗೇನೂ ತೊಂದರೆ ಇಲ್ಲ" ಅಂತ ಮಾಲೀಕರು ಹೇಳಿದರೆ ಅಲ್ಲಿಗೇ ಬಿಡಬೇಡಿ. ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತಿಗೆ, ಎಷ್ಟು ಹೊತ್ತು, ಅಂತ ಮೂರೂ ಕೇಳಿ. ಇದೇ ಮೂರನ್ನು ಎದುರು ಮನೆಯ ಅಮ್ಮನ ಹತ್ತಿರವೂ ಕೇಳಿ. ಸಂಪು ಎಷ್ಟು ದೊಡ್ಡದು, ಎಷ್ಟು ಮನೆಗೆ ಒಂದೇ ಸಂಪು ಅಂತ ತಿಳಿದುಕೊಳ್ಳಿ. ಬಚ್ಚಲಿಗೆ ಹೋಗಿ ನಲ್ಲಿಯ ಮೂತಿ ನೋಡಿ. ಬಿಳಿ ಪೊರೆ ಕಟ್ಟಿ ಗಟ್ಟಿಯಾಗಿದ್ದರೆ ಆ ಮನೆಯಲ್ಲಿ ಹೆಚ್ಚಿನ ದಿನ ಬೋರಿನ ಗಡಸು ನೀರೇ ಓಡಿದೆ. ಬಕೆಟ್ಟಿನ ಅಂಚು, ಗೀಜರಿನ ಕೆಳಗೆ ನೀರು ಹರಿದ ಗೋಡೆ, ಅಲ್ಲೂ ಅದೇ ಕಾಣಿಸುತ್ತದೆ. ಈ ನೀರಲ್ಲಿ ಬೇಳೆ ಬೇಯುವುದಿಲ್ಲ, ಕೂದಲು ಉದುರುತ್ತದೆ ಅಂತ ಎಲ್ಲರದೂ ದೂರು. ಕುಡಿಯುವ ನೀರಿನ ಘಟಕ ಎಷ್ಟು ದೂರ ಅಂತಲೂ ನೋಡಿ. ಇಪ್ಪತ್ತು ಲೀಟರಿನ ಕ್ಯಾನ್ ಹೊತ್ತು ಎರಡನೇ ಮಹಡಿ ಹತ್ತುವವರು ನೀವೇ ಅಲ್ವಾ.

ಮೇಲಿನ ಮಹಡಿ ಮನೆ ಬಾಡಿಗೆ ಕಡಿಮೆ ಇದೆ, ತಗೊಳ್ಳಲಾ?

ಏಪ್ರಿಲ್ ಮಧ್ಯಾಹ್ನ ಮೂರು ಗಂಟೆಗೆ ಹೋಗಿ ಆ ಮನೆಯ ಸೂರಿನ ಕೆಳಗೆ ಐದು ನಿಮಿಷ ನಿಂತು ನೋಡಿ. ಇಲ್ಲಿನ ಬಿಸಿಲು ಜೋರು. ತಾರಸಿ ಕಾದು ರಾತ್ರಿ ಹನ್ನೊಂದರವರೆಗೂ ಶಾಖ ಇಳಿಯುವುದಿಲ್ಲ. ಮೇಲೆ ಇನ್ನೊಂದು ಮಹಡಿ ಇದ್ದರೆ ತಗೊಳ್ಳಿ.

ಮನೆ ನೋಡೋಕೆ ಹೋದಾಗ ನೀವಾದರೆ ಏನೇನು ನೋಡುತ್ತೀರಿ?

ಮನೆಗಿಂತ ಬೀದಿ ಜಾಸ್ತಿ ನೋಡುತ್ತೇನೆ. ಬೆಳಗ್ಗೆ ಎಂಟೂವರೆಗೆ ಒಂದು ಸಲ, ರಾತ್ರಿ ಒಂಬತ್ತಕ್ಕೆ ಒಂದು ಸಲ ಹೋಗುತ್ತೇನೆ. ರಾತ್ರಿ ಬೀದಿದೀಪ ಉರಿಯುತ್ತದೆಯಾ, ಹೆಂಗಸರು ನಡೆದು ಹೋಗುತ್ತಿದ್ದಾರಾ, ನಾಯಿಗಳು ಎಷ್ಟಿವೆ ಅಂತ ಆಗ ಗೊತ್ತಾಗುತ್ತದೆ. ಹೊಸ ಬಡಾವಣೆಯ ಖಾಲಿ ಸೈಟುಗಳಲ್ಲಿ ಗಿಡಗಂಟಿ ಆಳೆತ್ತರ ಬೆಳೆದಿದ್ದರೆ ಹಾವು, ಸೊಳ್ಳೆ ಎರಡಕ್ಕೂ ತಯಾರಿರಬೇಕು. ಭದ್ರಾ ನಾಲೆಯ ಗದ್ದೆ ಪಕ್ಕದ ಬಡಾವಣೆಗಳಲ್ಲಿ ಭತ್ತಕ್ಕೆ ನೀರು ನಿಂತ ತಿಂಗಳಲ್ಲಿ ಸಂಜೆ ಆರಕ್ಕೇ ಕಿಟಕಿ ಹಾಕಬೇಕಾಗುತ್ತದೆ. ಕಿಟಕಿಗೆ ಜಾಲರಿ ಹಾಕಿಸಿಕೊಡಿ ಅಂತ ಅಡ್ವಾನ್ಸ್ ಕೊಡುವ ಮೊದಲೇ ಕೇಳಿ, ಆಮೇಲೆ ಕೇಳಿದರೆ ಆಗುವುದಿಲ್ಲ.

ಒಳಗೆ ಹೋದ ಮೇಲೆ ಗೋಡೆಯ ಬುಡ ನೋಡುತ್ತೇನೆ, ಒಂದು ಮೊಳ ಎತ್ತರದವರೆಗೆ. ಬಣ್ಣ ಉಬ್ಬಿ ಪುಡಿ ಉದುರುತ್ತಿದ್ದರೆ ಅಥವಾ ಅಷ್ಟಕ್ಕೆ ಮಾತ್ರ ಹೊಸ ಬಣ್ಣ ಹೊಡೆದಿದ್ದರೆ ಮಳೆಗಾಲದಲ್ಲಿ ತೇವ ಏರುತ್ತದೆ. ಬೀರು ಇಟ್ಟ ಜಾಗ ಬೂಸ್ಟು ಹಿಡಿಯುತ್ತದೆ.

ಗಾಳಿಯ ದಿಕ್ಕೂ ನೋಡಿ. ಈ ಊರು ಮಂಡಕ್ಕಿಗೆ ಹೆಸರುವಾಸಿ. ಭಟ್ಟಿಗಳ ಹತ್ತಿರದ ಬೀದಿಗಳಲ್ಲಿ ಹೊಗೆ ಇರುತ್ತದೆ. ಆ ಮಂಡಕ್ಕಿಯನ್ನು ನಾವೆಲ್ಲ ತಿನ್ನುತ್ತೇವೆ, ಹೊಗೆ ಕುಡಿಯುವವರು ಅಲ್ಲಿನ ಜನ. ಮನೆಯಲ್ಲಿ ಉಬ್ಬಸದವರು ಇದ್ದರೆ ದೂರ ಇರುವುದೇ ಒಳ್ಳೆಯದು.

"ನೀವು ಯಾವ ಪೈಕಿ?" ಅಂತ ಕೇಳಿದರು. ಏನು ಹೇಳಬೇಕು ಗೊತ್ತಾಗಲಿಲ್ಲ.

ಈ ಪ್ರಶ್ನೆ ಕೇಳಿದ ಹುಡುಗ ಪರೀಕ್ಷೆ ಪಾಸು ಮಾಡಿ ಸರ್ಕಾರಿ ಕೆಲಸ ಹಿಡಿದು ಬಂದವನು. ನಾಲ್ಕು ಮನೆಯಲ್ಲಿ ಗೇಟಿನಲ್ಲೇ ಕೇಳಿ ಕಳಿಸಿದ್ದರು. ಹೌದು, ಕೇಳುತ್ತಾರೆ. ಕೆಲವರು ನೇರವಾಗಿ, ಕೆಲವರು "ಊರು ಯಾವುದು, ಅಡ್ಡಹೆಸರು ಏನು" ಅಂತ ಸುತ್ತಿ ಬಳಸಿ, ಕೆಲವರು "ನಾವು ವೆಜ್ಜಿನವರಿಗೆ ಮಾತ್ರ ಕೊಡೋದು" ಅಂತ. ಇದು ತಪ್ಪು. ಬಾಡಿಗೆ ಸರಿಯಾಗಿ ಕೊಟ್ಟು ಮನೆ ಚೊಕ್ಕಟವಾಗಿ ಇಟ್ಟುಕೊಳ್ಳುವವರ ಜಾತಿ ಕೇಳುವ ಹಕ್ಕು ಯಾರಿಗೂ ಇಲ್ಲ ಅಂತ ನಾನು ನಂಬಿದ್ದೇನೆ. ನನ್ನ ಮನೆ ಮಾಲೀಕರಿಗೂ ಹಾಗೇ ಹೇಳಿದ್ದೇನೆ.

ನನ್ನ ಸಲಹೆ ಇಷ್ಟೇ. ಸುಳ್ಳು ಹೇಳಿ ಮನೆ ಹಿಡಿಯಬೇಡಿ, ದಿನಾ ಹೆದರಿಕೊಂಡು ಒಗ್ಗರಣೆ ಹಾಕುವ ಬಾಳು ಯಾರಿಗೂ ಬೇಡ. "ನಾನು ಇಂಥ ಕಡೆ ಕೆಲಸ ಮಾಡುತ್ತೇನೆ, ಬಾಡಿಗೆ ಐದನೇ ತಾರೀಕಿಗೆ ಕೊಡುತ್ತೇನೆ, ಮಿಕ್ಕಿದ್ದು ಬೇಕಾಗಿಲ್ಲ ಅಲ್ವಾ" ಅಂತ ಮೆಲ್ಲಗೆ ಹೇಳಿ ನೋಡಿ. ಒಪ್ಪದಿದ್ದರೆ ಮುಂದಿನ ಮನೆ. ಮಾಲೀಕರು ಅದೇ ಕಟ್ಟಡದಲ್ಲಿ ಇಲ್ಲದ ಮನೆಗಳಲ್ಲಿ ಈ ಕಾಟ ಕಡಿಮೆ. ಸಹೋದ್ಯೋಗಿಗಳ ಮೂಲಕ ಹೋದರೂ ಕಡಿಮೆ. ಆ ಹುಡುಗನಿಗೆ ಐದನೇ ಮನೆ ಸಿಕ್ಕಿದ್ದು ಹಾಗೇ. ಆ ಮನೆಯ ಅಜ್ಜಿ ಈಗ ಅವನಿಗೆ ಭಾನುವಾರ ರೊಟ್ಟಿ ಕೊಟ್ಟು ಕಳಿಸುತ್ತಾರೆ.

ನಾನು ಒಬ್ಬಳೇ ಇರೋದು ಅಕ್ಕಾ. ಮನೆ ಕೊಡ್ತಾರಾ?

ಕೊಡುತ್ತಾರೆ, ಆದರೆ ಪ್ರಶ್ನೆ ಜಾಸ್ತಿ. ಇಲ್ಲಿ ಮೆಡಿಕಲ್, ಇಂಜಿನಿಯರಿಂಗ್ ಕಾಲೇಜುಗಳಿರುವುದರಿಂದ ಹುಡುಗಿಯರ ಪಿ.ಜಿ.ಗಳೂ ಇವೆ, ವಿದ್ಯಾರ್ಥಿನಿಯರಿಗೆ ಮನೆ ಕೊಟ್ಟು ಅಭ್ಯಾಸವಾದ ಬೀದಿಗಳೂ ಇವೆ. ಕಾಲೇಜಿನ ಸುತ್ತ ಹುಡುಕಿ. ರಾತ್ರಿ ಗೇಟು ಎಷ್ಟಕ್ಕೆ ಹಾಕುತ್ತಾರೆ, ಅಪ್ಪ ಅಮ್ಮ ಬಂದರೆ ಉಳಿಯಬಹುದಾ, ಇವೆರಡು ಮೊದಲೇ ಮಾತಾಡಿ. ರಾತ್ರಿ ರೈಲಿಗೆ ಬಂದಿಳಿಯುವ ರೂಢಿ ಇದ್ದರೆ ಸ್ಟೇಷನ್ನಿನಿಂದ ಆ ಬೀದಿಗೆ ಆಟೋ ಎಷ್ಟು ಕೇಳುತ್ತಾರೆ ಅಂತಲೂ ಒಮ್ಮೆ ವಿಚಾರಿಸಿ.

ಮಕ್ಕಳ ಸ್ಕೂಲು ಮೊದಲಾ, ಮನೆ ಮೊದಲಾ?

ಸ್ಕೂಲು. ಸೀಟು ಖಾತ್ರಿ ಆದ ಮೇಲೆ ಮನೆ. ಇಲ್ಲದಿದ್ದರೆ ಬೆಳಗ್ಗೆ ಏಳೂಕಾಲಿಗೆ ವ್ಯಾನ್ ಹತ್ತಿಸಿ, ಊರೆಲ್ಲ ಸುತ್ತಿಸಿ, ಮಗು ಅರ್ಧ ನಿದ್ದೆಯಲ್ಲೇ ಸ್ಕೂಲು ಸೇರುತ್ತದೆ. ವ್ಯಾನ್ ನಿಮ್ಮ ಬೀದಿಗೆ ಮೊದಲು ಬರುತ್ತದೋ ಕೊನೆಗೆ ಬರುತ್ತದೋ ಅಂತ ಡ್ರೈವರನ್ನೇ ಕೇಳಿ. ಕೊನೆಗೆ ಬಂದರೆ ಮಗುವಿಗೆ ಅರ್ಧ ಗಂಟೆ ನಿದ್ದೆ ಉಳಿಯಿತು.

ಅತ್ತೆ ಮಾವನೂ ಜೊತೆಗೆ ಬರ್ತಾರೆ. ಅವರಿಗೆ ಯಾವ ಕಡೆ ಹಿಡಿಸುತ್ತೆ?

ಅವರು ಹಳ್ಳಿಯವರಾ, ಪೇಟೆಯವರಾ? ಹಳ್ಳಿಯಲ್ಲಿ ಜಗುಲಿ ಮೇಲೆ ಕೂತು ಮಾತಾಡಿದವರನ್ನು ಹೊಸ ಬಡಾವಣೆಯ ಒಂಟಿ ಮನೆಯಲ್ಲಿ ಬಿಟ್ಟು ನೀವಿಬ್ಬರೂ ಕೆಲಸಕ್ಕೆ ಹೋದರೆ ಅವರು ಸೊರಗಿಹೋಗುತ್ತಾರೆ. ಕೆ.ಟಿ.ಜೆ. ನಗರ, ವಿನೋಬನಗರ, ನಿಟುವಳ್ಳಿ ಥರದ ಹಳೇ ಬೀದಿಗಳು ಸ್ವಲ್ಪ ಇಕ್ಕಟ್ಟು, ಪಾರ್ಕಿಂಗ್ ಕಷ್ಟ. ಆದರೆ ಬಾಗಿಲು ತೆಗೆದರೆ ಜನ, ಮೂಲೆಗೆ ಅಂಗಡಿ, ಹತ್ತಿರವೇ ಗುಡಿ. ನನ್ನ ಅತ್ತೆ ಹೊಸ ಬಡಾವಣೆಯಲ್ಲಿದ್ದ ವರ್ಷ "ಇಲ್ಲಿ ಕಾಗೆ ಬಿಟ್ಟರೆ ಯಾರೂ ಮಾತಾಡಲ್ಲ" ಅಂತಿದ್ದರು. ನಿಟುವಳ್ಳಿಗೆ ಬಂದ ಹದಿನೈದೇ ದಿನಕ್ಕೆ ಬೀದಿಯ ಎಲ್ಲ ಮನೆಯ ಸುದ್ದಿ ಅವರಿಗೆ ಗೊತ್ತಿತ್ತು.

ವಾಕಿಂಗ್ ಇಷ್ಟ ಇರುವವರಿಗೆ ಕುಂದುವಾಡ ಕೆರೆ ಏರಿ, ಶಾಮನೂರಿನ ಗಾಜಿನ ಮನೆ ಕಡೆ ಚೆನ್ನ. ನೆಲಮಹಡಿ ಮನೆ ಹಿಡಿಯಿರಿ, ಬಚ್ಚಲ ಬಾಗಿಲಲ್ಲಿ ಎತ್ತರದ ಹೊಸ್ತಿಲು ಇಲ್ಲದಂತೆ ನೋಡಿಕೊಳ್ಳಿ.

## ಸ್ವಲ್ಪ ಆಳದ ಪ್ರಶ್ನೆಗಳು

ಹರಿಹರದಲ್ಲೇ ಮನೆ ಮಾಡಿಕೊಂಡರೆ ಹೇಗೆ?

ಹದಿನಾಲ್ಕು ಕಿಲೋಮೀಟರ್ ಅಷ್ಟೆ. ಬಸ್ಸು ಬೇಕಾದಷ್ಟಿವೆ. ನದಿಯಾಚೆ ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕವರಿಗೆ ಹರಿಹರವೇ ಸರಿ, ದಾವಣಗೆರೆಯಿಂದ ಓಡಾಡುವುದು ವ್ಯರ್ಥ. ಗಂಡನ ಕೆಲಸ ಒಂದು ಊರು, ಹೆಂಡತಿಯದು ಇನ್ನೊಂದು ಊರು ಆದಾಗ ಯಾರ ಶಿಫ್ಟ್ ರಾತ್ರಿ ಮುಗಿಯುತ್ತದೋ ಅವರ ಊರಲ್ಲಿ ಮನೆ ಮಾಡಿ. ಹರಿಹರದಲ್ಲಿ ನದಿ ದಡದ ತಗ್ಗು ಬೀದಿಗಳಿಗೆ ತುಂಗಭದ್ರೆ ತುಂಬಿದಾಗ ನೀರು ನುಗ್ಗುತ್ತದೆ, ಅದೊಂದು ವಿಚಾರಿಸಿಕೊಳ್ಳಿ.

ಕೆಲಸ ಚಿತ್ರದುರ್ಗದಲ್ಲಿ. ದಾವಣಗೆರೆಯಲ್ಲಿ ಇದ್ದು ಓಡಾಡಬಹುದಾ?

ಸುಮಾರು ಅರವತ್ತು ಕಿಲೋಮೀಟರ್. ಹೆದ್ದಾರಿ ಒಳ್ಳೆಯದಿದೆ, ಓಡಾಡುವವರು ತುಂಬಾ ಜನ ಇದ್ದಾರೆ. ಆದರೆ ಬಸ್ಸಿನ ಹೊತ್ತನ್ನು ಮಾತ್ರ ಲೆಕ್ಕ ಹಾಕಬೇಡಿ. ಮನೆಯಿಂದ ಸ್ಟಾಪು, ಸ್ಟಾಪಿನಲ್ಲಿ ಕಾಯುವುದು, ಅಲ್ಲಿಳಿದು ಕಚೇರಿ, ಎಲ್ಲ ಸೇರಿಸಿದರೆ ದಿನಕ್ಕೆ ಮೂರು ಮೂರೂವರೆ ಗಂಟೆ ಹೋಗುತ್ತದೆ. ಒಂದು ವರ್ಷದ ಮಟ್ಟಿಗೆ, ಮಕ್ಕಳ ಪರೀಕ್ಷೆ ಮುಗಿಯಲಿ ಅಂತ ಆದರೆ ಸರಿ. ಹಾಗೆ ಓಡಾಡುವುದಾದರೆ ಆ ಬಸ್ಸು ಹತ್ತಲು ಅನುಕೂಲ ಇರುವ ಆವರಗೆರೆ, ಡಿ.ಸಿ.ಎಂ. ಟೌನ್‌ಶಿಪ್ ಕಡೆ ಮನೆ ಹಿಡಿಯಿರಿ. ಚಿತ್ರದುರ್ಗ ದಾಟಿ ತುಮಕೂರಿಗೆ ಹೋಗುವ ನೇರ ರೈಲು ಮಾರ್ಗದ ಕೆಲಸ ನಡೆದಿದೆ, ಅದನ್ನು ನಂಬಿ ಈಗಲೇ ಲೆಕ್ಕ ಹಾಕಬೇಡಿ.

ಎರಡು ಮೂರು ವರ್ಷದ ಕೆಲಸ ಅಂತಾದರೆ ದುರ್ಗದಲ್ಲೇ ಇರಿ. ಜೆ.ಸಿ.ಆರ್. ಬಡಾವಣೆ, ಐ.ಯು.ಡಿ.ಪಿ. ಬಡಾವಣೆ, ಕೆಳಗೋಟೆ, ತುರುವನೂರು ರಸ್ತೆ ಕಡೆ ನೋಡಬಹುದು. ಅಲ್ಲಿಗೆ ನೀರು ಬರುವುದು ವಾಣಿವಿಲಾಸ ಸಾಗರ ಮತ್ತು ಶಾಂತಿಸಾಗರದಿಂದ, ಎರಡೂ ದೂರ. ನೀರಿನ ಆ ಮೂರು ಪ್ರಶ್ನೆ ಅಲ್ಲೂ ಕೇಳಲೇಬೇಕು.

ಬಾಡಿಗೆ ಬೇಡ, ಭೋಗ್ಯಕ್ಕೆ ಹಾಕಿಕೊಳ್ಳಿ ಅಂತಿದ್ದಾರೆ. ಒಳ್ಳೇದಲ್ವಾ?

ಭೋಗ್ಯ ಅಂದರೆ ಒಂದೇ ಸಲ ದೊಡ್ಡ ಮೊತ್ತ ಕೊಟ್ಟು ಬಾಡಿಗೆ ಇಲ್ಲದೆ ಇರುವುದು, ಬಿಡುವಾಗ ಆ ದುಡ್ಡು ವಾಪಸ್ ಪಡೆಯುವುದು. ತಿಂಗಳ ಬಾಡಿಗೆ ಉಳಿಯುತ್ತದೆ ಅಂತ ಆಸೆ ಆಗುವುದು ಸಹಜ. ಆದರೆ ಅಷ್ಟು ದೊಡ್ಡ ಗಂಟು ಕೇಳುವವರಿಗೆ ದುಡ್ಡಿನ ತುರ್ತು ಇರುತ್ತದೆ. ಆ ಮನೆಯ ಮೇಲೆ ಬ್ಯಾಂಕಿನ ಸಾಲ ಇದೆಯಾ ನೋಡಿ. ಉಪನೋಂದಣಿ ಕಚೇರಿಯಿಂದ ಋಣಭಾರ ಪತ್ರ, ಅದೇ ಇ.ಸಿ. ತೆಗೆಸಿ. ಕಾವೇರಿ ಪೋರ್ಟಲ್‌ನಲ್ಲೂ ಸಿಗುತ್ತದೆ. ಇ.ಸಿ.ಯಲ್ಲಿ ಎಲ್ಲ ಸಾಲವೂ ಕಾಣುವುದಿಲ್ಲ, ಹಾಗಾಗಿ ಮೂಲ ಪತ್ರಗಳನ್ನು ಕಣ್ಣಾರೆ ನೋಡಿ. ಮೂಲ ಪತ್ರ ತೋರಿಸಲು ಹಿಂದೆಮುಂದೆ ನೋಡಿದರೆ ಅವು ಎಲ್ಲೋ ಅಡವಿಟ್ಟಿವೆ ಅಂತ ತಿಳಿಯಿರಿ. ವರ್ಷ ಮೀರಿದ ಕರಾರು ಆದರೆ ನೋಂದಣಿ ಮಾಡಿಸಲೇಬೇಕು. ಬರೀ ಛಾಪಾ ಕಾಗದದ ಮೇಲೆ ಬರೆದು ಲಕ್ಷಗಟ್ಟಲೆ ಕೊಡಬೇಡಿ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಸಾಲ ಕಟ್ಟದ ಮನೆ ಹರಾಜಿಗೆ ಬಂದಾಗ ಒಳಗಿದ್ದ ಭೋಗ್ಯದವರು ಕಣ್ಣೀರು ಹಾಕಿಕೊಂಡು ಕೌಂಟರಿಗೆ ಬಂದದ್ದನ್ನು ನೋಡಿದ್ದೇನೆ. ಅವರ ಕೈಯಲ್ಲಿದ್ದ ಕಾಗದದಿಂದ ಏನೂ ಮಾಡಲಾಗಲಿಲ್ಲ.

ಕರಾರು ಪತ್ರ, ಕರೆಂಟು, ಗೃಹಜ್ಯೋತಿ ಇವೆಲ್ಲ ಹೇಗೆ?

ಹನ್ನೊಂದು ತಿಂಗಳ ಕರಾರು ಮಾಡಿಸಿ. ಅಡ್ವಾನ್ಸ್ ಎಷ್ಟು, ಬಿಡುವಾಗ ಬಣ್ಣಕ್ಕೆ ಎಷ್ಟು ಹಿಡಿಯುತ್ತಾರೆ, ಬಿಡಲು ಎಷ್ಟು ತಿಂಗಳ ಮುಂಚೆ ಹೇಳಬೇಕು, ಇವು ಅಂಕಿಯಲ್ಲಿ ಇರಲಿ. ವರ್ಷಕ್ಕೆ ಒಂದು ಲಕ್ಷ ರೂಪಾಯಿ ಮೀರಿ ಬಾಡಿಗೆ ಕಟ್ಟಿ ಎಚ್.ಆರ್.ಎ., ಅಂದರೆ ಮನೆಬಾಡಿಗೆ ಭತ್ಯೆಯ ತೆರಿಗೆ ವಿನಾಯಿತಿ ಕೇಳುವುದಾದರೆ ಮಾಲೀಕರ ಪ್ಯಾನ್ ನಂಬರ್ ಬೇಕು, ಅದನ್ನು ಶುರುವಿಗೇ ಮಾತಾಡಿ. ಗೃಹಜ್ಯೋತಿ, ಅಂದರೆ 200 ಯೂನಿಟ್‌ವರೆಗೆ ಉಚಿತ ಕರೆಂಟಿನ ಸರ್ಕಾರಿ ಯೋಜನೆ, ಬಾಡಿಗೆಯವರಿಗೂ ಇದೆ. ಮೊದಲಿದ್ದವರ ಆಧಾರ್ ಆ ಮನೆಯ ಕರೆಂಟು ಸಂಪರ್ಕದ ಆರ್.ಆರ್. ನಂಬರಿಗೆ ಜೋಡಣೆ ಆಗಿದ್ದರೆ ಮೊದಲು ಅದನ್ನು ಡಿ-ಲಿಂಕ್ ಮಾಡಿಸಿ, ಆಮೇಲೆ ನಿಮ್ಮದು ಸೇರಿಸಿ. ಮೂರು ಮನೆಗೆ ಒಂದೇ ಮೀಟರ್ ಇದ್ದರೆ 200 ಯೂನಿಟ್ ಬೇಗ ದಾಟುತ್ತದೆ, ಬೇರೆ ಮೀಟರ್ ಇರುವ ಮನೆಯೇ ವಾಸಿ.

ಬಾಡಿಗೆ ಕಟ್ಟೋ ಬದಲು ಒಂದು ಸೈಟ್ ತಗೊಂಡುಬಿಡೋಣ ಅನ್ನಿಸ್ತಿದೆ.

ಒಂದು ವರ್ಷ ತಡೆಯಿರಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯಲಿ. ಆಮೇಲೂ ಆಸೆ ಇದ್ದರೆ ಮೊದಲು ಕೇಳಬೇಕಾದದ್ದು, ಅದು ಕೃಷಿ ಜಮೀನಿನಿಂದ ವಸತಿಗೆ ಭೂಪರಿವರ್ತನೆ ಆಗಿ, ದಾವಣಗೆರೆ–ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ದೂಡಾ ಒಪ್ಪಿಗೆ ಪಡೆದ ಬಡಾವಣೆಯಾ ಅಂತ. ಹೊಲವನ್ನು ಹಾಗೇ ಕಲ್ಲು ನೆಟ್ಟು ಮಾರುವ ರೆವಿನ್ಯೂ ಸೈಟುಗಳು ಅಗ್ಗ. ಮನೆ ಕಟ್ಟಲು ಬ್ಯಾಂಕಿಗೆ ಬಂದಾಗ ಸಾಲ ಸಿಗುವುದಿಲ್ಲ. ಪಾಲಿಕೆ ವ್ಯಾಪ್ತಿಯಲ್ಲಿ ಇ-ಖಾತೆ, ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತು, ಅಂದರೆ ಆಸ್ತಿಯ ಆನ್‌ಲೈನ್ ದಾಖಲೆ ಕೇಳಿ. "ಮುಂದಿನ ತಿಂಗಳು ಆಗುತ್ತೆ" ಅಂದರೆ ನೀವೂ ಮುಂದಿನ ತಿಂಗಳು ಬರುತ್ತೇವೆ ಅನ್ನಿ.

ಮನೆ ಹಿಡಿದಾಯಿತು, ಎರಡೇ ತಿಂಗಳಿಗೆ ಬೇಡ ಅನ್ನಿಸ್ತಿದೆ. ಏನು ಮಾಡಲಿ?

ಬೇಡ ಅನ್ನಿಸುವುದು ಮನೆಯಾ, ಹೊಸ ಊರಾ? ಹೊಸ ಊರಿನ ಬೇಸರ ಎಲ್ಲರಿಗೂ ಮೊದಲ ಮೂರು ತಿಂಗಳು ಇರುತ್ತದೆ. ಬೆಳಗಿನ ದಾರಿ, ನೀರು, ನಿದ್ದೆ ಇವು ಮೂರೂ ಸರಿ ಇದ್ದರೆ ಇನ್ನಷ್ಟು ದಿನ ಇದ್ದು ನೋಡಿ. ಸರಿ ಇಲ್ಲದಿದ್ದರೆ ಮುಲಾಜು ನೋಡದೆ ನೋಟಿಸ್ ಕೊಡಿ, ಆದರೆ ಹೊಸ ಮನೆಯ ಕೀಲಿ ಕೈಗೆ ಬಂದ ಮೇಲೆ. ಬೇರೆ ಬಡಾವಣೆಗೇ ಹೋಗಬೇಕು ಅಂತಿಲ್ಲ. ನನ್ನ ಎರಡನೇ ಮನೆಯಿಂದ ಮೂರನೇ ಮನೆಗೆ ಇದ್ದದ್ದು ನಾಲ್ಕೇ ಕ್ರಾಸು. ತಳ್ಳುಗಾಡಿಯಲ್ಲಿ ಎರಡು ಸಲ ಸಾಮಾನು ಸಾಗಿಸಿದೆವು. ಅಲ್ಲಿ ಬೆಳಗ್ಗೆ ಆರಕ್ಕೆ ನೀರು ಬರುತ್ತಿತ್ತು, ರಾತ್ರಿ ಎರಡಕ್ಕೆ ಏಳುವುದು ತಪ್ಪಿತು. ಒಂಬತ್ತು ವರ್ಷದಿಂದ ಅದೇ ಮನೆಯಲ್ಲಿದ್ದೇನೆ.